ಪತ್ರಾಸ್ ಕೋಣೆಗೆ ಹೊಳೆಯುವ ಹಾಳೆ ಕಟ್ಟಿದ ಲೆಕ್ಕ

ವಿಜಯಪುರದ ನಮ್ಮ ಮನೆಯ ಮೇಲ್ಮಹಡಿಯಲ್ಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದೇ ಒಂದು ಕೋಣೆ ಇದೆ. ಗೋಡೆಗಳು ಇಟ್ಟಿಗೆಯವು, ಛಾವಣಿ ಮಾತ್ರ ನಮ್ಮ ಕಡೆ ಪತ್ರಾಸ್ ಎಂದು ಕರೆಯುವ ತಗಡಿನದು, ಮೇಲೆ ನೀಲಿ ಬಣ್ಣ, ಒಳಮೈಗೆ ತಿಳಿಬೂದು ಬಣ್ಣ. ನನ್ನ ಹೆಂಡತಿಯ ಹೊಲಿಗೆ ಯಂತ್ರ ಇರುವುದು ಅಲ್ಲಿಯೇ. ಮಾರ್ಚ್ ತಿಂಗಳು ಅರ್ಧ ಕಳೆಯುವಷ್ಟರಲ್ಲಿ ಆ ಯಂತ್ರವನ್ನು ಇಬ್ಬರು ಹಿಡಿದು ಕೆಳಗಿನ ಪಡಸಾಲೆಗೆ ಇಳಿಸುವುದು, ಜೂನ್‌ನಲ್ಲಿ ಎರಡು ಒಳ್ಳೆಯ ಮಳೆಯಾದ ಮೇಲೆ ಮತ್ತೆ ಮೇಲಕ್ಕೆ ಹೊರುವುದು ಹತ್ತು ವರ್ಷಗಳಿಂದ ನಡೆದುಬಂದ ಪದ್ಧತಿಯಾಗಿತ್ತು. ಈ ವರ್ಷ ಅದನ್ನು ಇಳಿಸದೇ ಇರಲು ಏನು ಮಾಡಬಹುದೆಂದು ನೋಡಿದ್ದರ ವಿವರ ಇದು.

ವಿಚಾರ ಹುಟ್ಟಿದ್ದು ಮಾತ್ರ ಬೇಸಿಗೆಯಿಂದಲ್ಲ, ಚಳಿಯಿಂದ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗ ಜನವರಿಯಲ್ಲಿ ಫೋನ್ ಮಾಡಿದಾಗ, ಬಾಡಿಗೆ ಮನೆಯ ರೇಡಿಯೇಟರಿನ ಹಿಂದೆ ಅಲ್ಯೂಮಿನಿಯಂ ಹಾಳೆ ಅಂಟಿಸುತ್ತಿರುವುದಾಗಿ ಹೇಳಿದ. ಅಲ್ಲಿ ಬಾಯ್ಲರಿನಿಂದ ಬಂದ ಬಿಸಿನೀರು ಗೋಡೆಗೆ ತೂಗುಹಾಕಿದ ಉಕ್ಕಿನ ಚಪ್ಪಟೆ ಪೆಟ್ಟಿಗೆಯೊಳಗೆ ಹರಿದು ಕೋಣೆಯನ್ನು ಬೆಚ್ಚಗಿಡುತ್ತದೆ. ಆ ಪೆಟ್ಟಿಗೆ ಹೊರಗೋಡೆಗೆ ಅಂಟಿಕೊಂಡಂತೆ ಇದ್ದರೆ ಅದರ ಬೆನ್ನಿನ ಕಾವು ನೇರವಾಗಿ ಗೋಡೆಗೆ ಬಡಿದು, ಗೋಡೆಯ ಮೂಲಕ ಬೀದಿಗೆ ಹೋಗುತ್ತದೆ. ಹಿಂದೆ ಹೊಳೆಯುವ ಹಾಳೆ ಇದ್ದರೆ ಅದರ ಬಹುಭಾಗ ಕೋಣೆಯತ್ತಲೇ ಮರಳುತ್ತದೆ. ಹಳೆಯ ಕಾಲದ ಗಟ್ಟಿ ಇಟ್ಟಿಗೆ ಗೋಡೆಗಳಲ್ಲಿ ಇದರಿಂದ ಒಂದಿಷ್ಟು ಉಳಿತಾಯ ಉಂಟು, ಮೊದಲೇ ಉಷ್ಣನಿರೋಧಕ ತುಂಬಿದ ಹೊಸ ಗೋಡೆಗಳಲ್ಲಿ ಅಷ್ಟೇನೂ ಪ್ರಯೋಜನವಿಲ್ಲ ಎಂದೂ ಅವನೇ ಹೇಳಿದ. "ಮಾಮಾ, ಹಾಳಿ ಮತ್ತ ರೇಡಿಯೇಟರ್ ನಡುವ ಸಂದು ಬಿಡಬೇಕು, ತಾಗಿದ್ರ ಉಪಯೋಗಿಲ್ಲ" ಎಂದು ಅವನು ಹೇಳಿದ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಂಡಿರಲಿಲ್ಲ. ಅದರ ಫಲವನ್ನು ಮುಂದೆ ಬರೆಯುತ್ತೇನೆ. ಫೋನ್ ಇಟ್ಟ ಮೇಲೆ ನನಗೆ ಹೊಳೆದದ್ದಿಷ್ಟೇ: ಅವರ ರೇಡಿಯೇಟರ್ ಗೋಡೆಯ ಮೇಲಿದೆ, ನಮ್ಮದು ತಲೆಯ ಮೇಲಿದೆ. ಅವರು ಕಾವನ್ನು ಒಳಗೆ ಉಳಿಸಿಕೊಳ್ಳಲು ಹಾಳೆ ಹಚ್ಚುತ್ತಾರೆ, ನಾವು ಒಳಗೆ ಬಿಡದಿರಲು ಹಚ್ಚಬೇಕು.

ಕೆಲಸಕ್ಕೆ ಕೈಹಾಕುವ ಮೊದಲು ಅಳತೆ ಮಾಡಿಟ್ಟುಕೊಳ್ಳದಿದ್ದರೆ ಆಮೇಲೆ "ಸ್ವಲ್ಪ ತಂಪಾದಂತಿದೆ" ಎಂಬ ಮಾತೇ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಕೊಂಡಿದ್ದ, ಹಣೆಗೆ ಹಿಡಿಯುವ ಥರ್ಮಾಮೀಟರನ್ನೇ ಮೊದಲು ಪತ್ರಾಸಿಗೆ ಹಿಡಿದೆ. ಅದು ಮನುಷ್ಯರ ಜ್ವರದ ಆಚೆಗೆ ಏನನ್ನೂ ಅರಿಯದ ಉಪಕರಣವಾದ್ದರಿಂದ ಸುಮ್ಮನೆ "ಹೈ" ಎಂದು ತೋರಿಸಿತು. ಆಮೇಲೆ ಪರಿಚಯದ ಏಸಿ ಮೆಕ್ಯಾನಿಕ್ ಒಬ್ಬರಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಎರವಲು ತಂದೆ. ಏಪ್ರಿಲ್ 6ರ ಮಧ್ಯಾಹ್ನ ಮೂರು ಗಂಟೆಗೆ ಹೊರಗೆ ನೆರಳಿನಲ್ಲಿ 39.5 ಡಿಗ್ರಿ ಇದ್ದಾಗ ಪತ್ರಾಸಿನ ಒಳಮೈ 63 ಡಿಗ್ರಿ ಇತ್ತು, ಕೋಣೆಯ ಗಾಳಿ 42 ಡಿಗ್ರಿ ಇತ್ತು.

ಗಾಳಿಯ ಆ 42 ಡಿಗ್ರಿ ನಿಜವಾದ ಸಂಕಟವನ್ನು ಹೇಳುವುದಿಲ್ಲ. ಅದೇ ಹೊತ್ತಿನಲ್ಲಿ ಬೇವಿನ ಮರದ ಕೆಳಗೆ 39.5 ಡಿಗ್ರಿಯಲ್ಲಿ ಕುಳಿತು ಮಾತನಾಡಬಹುದು, ಎರಡೂವರೆ ಡಿಗ್ರಿ ಹೆಚ್ಚಿರುವ ಕೋಣೆಯಲ್ಲಿ ಹತ್ತು ನಿಮಿಷ ನಿಂತರೆ ನೆತ್ತಿ ಸುಡುತ್ತದೆ. ವ್ಯತ್ಯಾಸವಿರುವುದು ಗಾಳಿಯಲ್ಲಲ್ಲ, ಮೇಲಿನಿಂದ ಕಿರಣವಾಗಿ ಬೀಳುವ ಕಾವಿನಲ್ಲಿ. ಇದನ್ನು ಅಳೆಯಲು ಕಪ್ಪು ಬಳಿದ ತಾಮ್ರದ ಟೊಳ್ಳು ಗೋಲದೊಳಗೆ ಥರ್ಮಾಮೀಟರ್ ಇಡುವ ಪದ್ಧತಿಯಿದೆ. ಗೋಲವು ಗಾಳಿಯನ್ನೂ ಕಿರಣವನ್ನೂ ಕೂಡಿಯೇ ಅನುಭವಿಸುತ್ತದೆ, ನಮ್ಮ ಮೈಯಂತೆ. ತಾಮ್ರದ ಗೋಲ ನನ್ನಲ್ಲಿರಲಿಲ್ಲ. ಮಗನ ಟೇಬಲ್ ಟೆನಿಸ್ ಚೆಂಡೊಂದಕ್ಕೆ ಕಾಯಿಸಿದ ಸೂಜಿಯಿಂದ ತೂತು ಕೊರೆದು, ಹೊಳಪಿಲ್ಲದ ಕಪ್ಪು ಬಣ್ಣವನ್ನು ಎರಡು ಸಲ ಬಳಿದು, ಫ್ರಿಜ್ಜಿನಲ್ಲಿಡುವ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಚೆಂಡಿನ ನಟ್ಟನಡುವೆ ಬರುವಂತೆ ತೂರಿಸಿ, ತೂತಿನ ಬಾಯಿಗೆ ಎಂ-ಸೀಲ್ ಹಚ್ಚಿದೆ. ಹೊಲಿಗೆ ಯಂತ್ರದ ಮುಂದೆ ಕುಳಿತವರ ತಲೆಯ ಎತ್ತರಕ್ಕೆ ದಾರದಿಂದ ಇಳಿಬಿಟ್ಟು ಅರ್ಧ ಗಂಟೆ ಬಿಟ್ಟು ನೋಡಿದರೆ ಚೆಂಡು 45.5 ಡಿಗ್ರಿ ತೋರಿಸಿತು. ಗಾಳಿಗಿಂತ ಮೂರೂವರೆ ಡಿಗ್ರಿ ಹೆಚ್ಚು. ನಾನು ಇಳಿಸಬೇಕಾದದ್ದು ಈ ಅಂಕಿಯನ್ನು.

ಕಾಗದದ ಮೇಲೆ ಒಂದು ಲೆಕ್ಕವನ್ನೂ ಹಾಕಿದೆ. ಯಾವುದೇ ವಸ್ತು ಹೊರಸೂಸುವ ಕಿರಣದ ಶಕ್ತಿ ಅದರ ಕೆಲ್ವಿನ್ ತಾಪಮಾನದ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದ್ದು) ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 63 ಡಿಗ್ರಿಯ ಪತ್ರಾಸ್ ಮತ್ತು 40 ಡಿಗ್ರಿಯ ನೆಲದ ನಡುವೆ, ಎರಡರ ಮೈಯೂ ಬಣ್ಣದ ಅಥವಾ ಸಿಮೆಂಟಿನ ಮಂಕು ಮೈಯಾಗಿದ್ದಾಗ, ಒಂದು ಚದರ ಮೀಟರಿಗೆ ಸುಮಾರು 150 ವ್ಯಾಟ್ ಕೆಳಗಿಳಿಯುತ್ತದೆ. ನಮ್ಮ ಕೋಣೆ ಸುಮಾರು 11 ಚದರ ಮೀಟರ್. ಅಂದರೆ 1,650 ವ್ಯಾಟ್. ಸ್ನಾನದ ನೀರು ಕಾಯಿಸುವ ಒಂದೂವರೆ ಕಿಲೋವ್ಯಾಟಿನ ಕಾಯಿಲ್ ಅನ್ನು ತಲೆಯ ಮೇಲೆ ತೂಗುಹಾಕಿಕೊಂಡು ಹೊಲಿಯಲು ಕುಳಿತಂತೆ. ನಡುವೆ ಶುದ್ಧ ಅಲ್ಯೂಮಿನಿಯಂ ಮೈ ಬಂದರೆ, ಅದು ಬಿದ್ದ ಕಾವಿನ ಕಿರಣದ ಶೇಕಡಾ 95ರಷ್ಟನ್ನು ತಿರುಗಿಸಿ ಕಳಿಸುವುದರಿಂದ, ಕಿರಣದ ಪಾಲು 100 ವ್ಯಾಟಿನ ಆಸುಪಾಸಿಗೆ ಇಳಿಯಬೇಕು. ಗಾಳಿಯ ಮೂಲಕ ದಾಟುವ ಕಾವು ಬೇರೆ. ಆದರೆ ಬಿಸಿ ಮೇಲಿದ್ದು ತಂಪು ಕೆಳಗಿದ್ದಾಗ ನಡುವಿನ ಗಾಳಿ ಕಲಕುವುದಿಲ್ಲ, ಸುಮ್ಮನೆ ಕೆನೆಗಟ್ಟಿದಂತೆ ನಿಲ್ಲುತ್ತದೆ. ರೇಡಿಯೇಟರಿನ ಹಿಂದಿನ ನೆಟ್ಟಗಿನ ಸಂದಿನಲ್ಲಾದರೆ ಬಿಸಿಗಾಳಿ ಮೇಲೇರಿ ಹರಿಯುತ್ತಲೇ ಇರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಛಾವಣಿಯ ಕೆಲಸ ಅವರ ಗೋಡೆಯ ಕೆಲಸಕ್ಕಿಂತ ಸುಲಭ.

ಹಾಳೆಯ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಡುಗೆಮನೆಯಲ್ಲಿ ಚಪಾತಿ ಸುತ್ತುವ ಹಾಳೆ ಹೊಳಪಿನಲ್ಲಿ ಕಡಿಮೆಯೇನಲ್ಲ, ಆದರೆ ಹನ್ನೆರಡು ಅಡಿ ಉದ್ದ ಎಳೆದು ಕಟ್ಟಿದರೆ ಹರಿಯುತ್ತದೆ. ಪ್ಲಾಸ್ಟಿಕ್ ಗುಳ್ಳೆಗಳ ಪದರದ ಎರಡೂ ಬದಿಗೆ ಅಲ್ಯೂಮಿನಿಯಂ ಹಚ್ಚಿ ನಾಲ್ಕು ಅಡಿ ಅಗಲದ ಸುರುಳಿಯಾಗಿ ಮಾರುವ, ಅಂಗಡಿಯವರು ಬಬಲ್ ಶೀಟ್ ಎನ್ನುವ ಹಾಳೆಯನ್ನು ಸೊಲ್ಲಾಪುರದಿಂದ ತರಿಸಿದೆ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಲೇಬೇಕು: ಹಾಳೆಯ ತುಣುಕನ್ನು ಬಿಸಿಲಿಗೆ ಎದುರಾಗಿ ಹಿಡಿದು ನೋಡಬೇಕು. ಬಿಸ್ಕತ್ ಪೊಟ್ಟಣದ ಹಾಗೆ ಪ್ಲಾಸ್ಟಿಕ್ಕಿಗೆ ಬರೀ ಲೋಹದ ಆವಿಯ ಲೇಪ ಕೊಟ್ಟದ್ದಾದರೆ ಸೂರ್ಯನ ಬಿಂಬ ಮಸುಕಾಗಿ ಕಾಣುತ್ತದೆ, ನಿಜವಾದ ಅಲ್ಯೂಮಿನಿಯಂ ಹಾಳೆಯಾದರೆ ಏನೂ ಕಾಣುವುದಿಲ್ಲ. ಮೊದಲು ತೋರಿಸಿದ ಎರಡು ಮಾದರಿಗಳಲ್ಲಿ ಸೂರ್ಯ ಕಂಡ.

ಮೊದಲ ಪ್ರಯತ್ನ ಕೆಟ್ಟಿತು, ಮತ್ತು ಅದು ನನ್ನ ಅವಸರದಿಂದಲೇ ಕೆಟ್ಟಿತು. ತಂತಿ, ಹುಕ್ಕುಗಳ ಗೊಡವೆ ಏಕೆ ಎಂದುಕೊಂಡು ಒಂದು ಪಟ್ಟಿಯನ್ನು ರಬ್ಬರ್ ಅಂಟಿನಿಂದ ನೇರವಾಗಿ ಪತ್ರಾಸಿಗೇ ಹಚ್ಚಿದೆ. ಪತ್ರಾಸಿನ ಏರಿಳಿತದ ಉಬ್ಬುಗಳಿಗೆ ಮಾತ್ರ ಹಾಳೆ ತಾಗುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಊಟ ಮಾಡಿ ಮೇಲೆ ಹೋಗುವಷ್ಟರಲ್ಲಿ ಅಂಟು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಜೋಲಾಡುತ್ತಿತ್ತು, ಹಾಳೆಯ ಅರ್ಧ ಭಾಗ ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ಹೊಲಿಯಲೆಂದು ಕೊಟ್ಟಿದ್ದ ಯಾರದೋ ಬ್ಲೌಸಿನ ತೋಳಿಗೆ ಅಂಟಿದ ಕಲೆ ಸೀಮೆಎಣ್ಣೆಗೂ ಬಗ್ಗಲಿಲ್ಲ. ಆ ಬಟ್ಟೆಯ ದುಡ್ಡನ್ನು ಕೆಳಗಿನ ಖರ್ಚಿನ ಲೆಕ್ಕದಲ್ಲಿ ಸೇರಿಸಿಲ್ಲ. ಅಂಟು ಒಂದು ವೇಳೆ ಗಟ್ಟಿಯಾಗಿ ನಿಂತಿದ್ದರೂ ಲಾಭ ಅರ್ಧವೇ ಆಗುತ್ತಿತ್ತು. ಹೊಳೆಯುವ ಮೈ ಕಿರಣವನ್ನು ತಡೆಯುವುದು ಎದುರಿಗೆ ಗಾಳಿಯ ಸಂದು ಇದ್ದಾಗ ಮಾತ್ರ. ತಾಗಿಕೊಂಡರೆ ಅದು ಕನ್ನಡಿಯಲ್ಲ, ಇನ್ನೊಂದು ತಗಡು. ಕಾವು ಅದರೊಳಗೆ ನೇರವಾಗಿ ಹರಿದುಬರುತ್ತದೆ. ಆಗ ಕೆಳಮುಖದ ಹೊಳಪಷ್ಟೇ ಕೆಲಸಕ್ಕೆ ಬರುತ್ತದೆ. ಅಳಿಯನ ಮಾತು ನೆನಪಾದದ್ದು ಅಂಟನ್ನು ಕೆರೆಯುವಾಗ.

ಎರಡನೆಯ ಸಲ ಕ್ರಮವಾಗಿ ಹೋದೆ. ಹಾಳೆಗೆ ಕೈಹಚ್ಚುವ ಮೊದಲು ವಿದ್ಯುತ್ತಿನ ಕೆಲಸ ಮುಗಿಸಬೇಕೆಂದು ತೀರ್ಮಾನಿಸಿದೆ, ಏಕೆಂದರೆ ಈ ಹಾಳೆ ಕೋಣೆಯಷ್ಟು ಅಗಲದ ಒಂದು ಲೋಹದ ತಂತಿ ಇದ್ದಂತೆ. ಆಸ್ಟ್ರೇಲಿಯಾದಲ್ಲಿ ಸರ್ಕಾರದ ಮನೆ ನಿರೋಧಕ ಯೋಜನೆಯಡಿ 2009–10ರಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರು ಯುವಕರು ಸತ್ತರು. ಅವರಲ್ಲಿ ಮೂವರು ಸತ್ತದ್ದು ವಿದ್ಯುತ್ ಆಘಾತದಿಂದ. ಹಾಳೆಗೆ ಹೊಡೆದ ಲೋಹದ ಪಿನ್ನು ಕೆಳಗಿನ ವಿದ್ಯುತ್ ವೈರನ್ನು ಚುಚ್ಚಿದರೆ ಇಡೀ ಹಾಳೆ ಕರೆಂಟಾಗುತ್ತದೆ. ನಮ್ಮ ಕೋಣೆಯಲ್ಲಿ ದೀಪದ ವೈರು ಛಾವಣಿಯ ಚೌಕಪೈಪಿಗೆ ಸುತ್ತಿಕೊಂಡು ಹೋಗಿತ್ತು, ನಡುವೆ ಒಂದು ಜಾಯಿಂಟ್, ಅದರ ಟೇಪು ಬಿಸಿಲಿನ ಕಾವಿಗೆ ಬಿಚ್ಚಿಕೊಂಡು ತಾಮ್ರ ಕಾಣುತ್ತಿತ್ತು. ಇದನ್ನು ಹತ್ತು ವರ್ಷ ಗಮನಿಸದೇ ಇದ್ದದ್ದಕ್ಕೆ ನನ್ನನ್ನೇ ಬೈದುಕೊಂಡೆ. ವೈರಮನ್ ಬಂದು ಆ ವೈರನ್ನು ಪೂರ್ತಿ ತೆಗೆದು, ಗೋಡೆಯ ಮೇಲೆ ಪಿವಿಸಿ ಪಟ್ಟಿಯೊಳಗೆ ಹೊಸದನ್ನು ಎಳೆದು, ಮೇಲಿನ ಕೋಣೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿಯೇ ಬಂದ್ ಆಗುವ ಸ್ವಿಚ್ಚು, ಕೂಡಿಸಿದರು. ಹಾಳೆ ಕಟ್ಟುವ ಎರಡೂ ದಿನ ಮೇನ್ ಬಂದ್ ಇತ್ತು. ಪಿನ್ ಹೊಡೆಯುವ ಸ್ಟೇಪ್ಲರನ್ನು ನಾನು ಮನೆಯೊಳಗೇ ತರಲಿಲ್ಲ.

ಪತ್ರಾಸ್ ಕೂತಿರುವುದು ಎರಡು ಇಂಚಿನ ಚೌಕಪೈಪುಗಳ ಮೇಲೆ. ಆದ್ದರಿಂದ ಪೈಪುಗಳ ಕೆಳಗಿನಿಂದ ಹಾಳೆ ಹಾದುಹೋದರೆ ಪತ್ರಾಸಿಗೂ ಹಾಳೆಗೂ ನಡುವೆ ಎರಡು ಇಂಚಿನ ಸಂದು ತಾನಾಗಿಯೇ ಸಿಗುತ್ತದೆ. ಎದುರುಬದುರಿನ ಗೋಡೆಗಳಲ್ಲಿ ಒಂದೂವರೆ ಅಡಿಗೊಂದರಂತೆ ತೂತು ಕೊರೆದು, ಗುಂಡಗಿನ ಕಣ್ಣಿರುವ ಹುಕ್ಕುಗಳನ್ನು ಕೂಡಿಸಿ, ಜಿ.ಐ. ತಂತಿಯನ್ನು ಪೈಪಿಗಿಂತ ಅರ್ಧ ಇಂಚು ಕೆಳಗೆ ಬಿಗಿಯಾಗಿ ಎಳೆದು ಕಟ್ಟಿದೆ. ಸಹಾಯಕ್ಕೆ ಬಂದ ಹುಡುಗ ಹಾಳೆಯನ್ನು ಮುಟ್ಟಿ ನೋಡಿ, "ಕಾಕಾ, ಇಷ್ಟ ತೆಳ್ಳಂದು ಏನ್ ಬಿಸಲ ತಡಿತದರಿ, ಥರ್ಮಾಕೋಲ್ ಹಾಕಿದ್ರ ದಪ್ಪನ್ನ ಇರ್ತಿತ್ತಲ್ರಿ" ಎಂದ. ದಪ್ಪದ ವಸ್ತು ಕಾವಿನ ಹರಿವನ್ನು ನಿಧಾನ ಮಾಡುತ್ತದೆ, ಇದು ಕಿರಣವನ್ನು ವಾಪಸು ಕಳಿಸುತ್ತದೆ ಎಂದು ವಿವರಿಸಿದೆ. ಅವನು ತಲೆಯಾಡಿಸಿದ, ಒಪ್ಪಿಕೊಂಡಂತೆ ಕಾಣಲಿಲ್ಲ.

ಹಾಳೆಯನ್ನು ತಂತಿಗಳ ಮೇಲೆ, ಪೈಪುಗಳ ಕೆಳಗೆ ತೂರಿಸುವುದೇ ಈ ಕೆಲಸದ ಕಠಿಣ ಭಾಗ. ಪತ್ರಾಸನ್ನು ಪೈಪಿಗೆ ಹಿಡಿದಿಟ್ಟಿರುವ ಜೆ-ಹುಕ್ಕುಗಳ ತುದಿಗಳು ಒಳಗೆ ಇಣುಕಿಕೊಂಡಿರುತ್ತವೆ. ಮೊದಲ ಪಟ್ಟಿಯನ್ನು ಎರಡು ಅಡಿ ಎಳೆಯುವಷ್ಟರಲ್ಲಿ ಒಂದು ಹುಕ್ಕು ಗೇಣುದ್ದ ಸೀಳಿತು. ಸೀಳಿಗೆ ಅಲ್ಯೂಮಿನಿಯಂ ಟೇಪು ಹಚ್ಚಿ, ಉಳಿದ ಹದಿನೇಳು ಹುಕ್ಕುಗಳಿಗೂ ಹಳೆಯ ಸೈಕಲ್ ಟ್ಯೂಬಿನ ಎರಡಿಂಚಿನ ತುಂಡುಗಳನ್ನು ಟೊಪ್ಪಿಗೆಯಂತೆ ತೊಡಿಸಿದೆವು. ಆಮೇಲೆ ಹಾಳೆಯ ಮುಂತುದಿಯನ್ನು ಒಂದು ಬಿದಿರಿನ ದಬ್ಬೆಗೆ ಸುತ್ತಿ, ನಾನು ಏಣಿಯ ಮೇಲಿನಿಂದ ದಬ್ಬೆ ಎಳೆಯುವುದು, ಹುಡುಗ ಹಿಂದಿನಿಂದ ಸುರುಳಿ ಬಿಚ್ಚುತ್ತಾ ಬಿಡುವುದು ಎಂದು ಮಾಡಿಕೊಂಡ ಮೇಲೆ ಉಳಿದ ಎರಡು ಪಟ್ಟಿಗಳು ಮುಕ್ಕಾಲು ಗಂಟೆಯಲ್ಲಿ ಮುಗಿದವು. ಪಟ್ಟಿಗಳು ಒಂದರ ಮೇಲೊಂದು ಎರಡು ಇಂಚು ಬರುವಂತೆ ಇಟ್ಟು, ಇಳಿಜಾರಿನ ಮೇಲಿನ ಪಟ್ಟಿ ಕೆಳಗಿನದರ ಮೇಲೆ ಬರುವಂತೆ ನೋಡಿಕೊಂಡೆ. ಚಳಿಗಾಲದ ಬೆಳಗಿನ ಜಾವ ಪತ್ರಾಸಿನ ಒಳಮೈಗೆ ಇಬ್ಬನಿ ಕಟ್ಟಿ ತೊಟ್ಟಿಕ್ಕುವುದುಂಟು. ಆ ನೀರು ಹಾಳೆಯ ಮೇಲೆ ಬಿದ್ದರೆ ಹಂಚಿನ ಮೇಲಿನ ಮಳೆಯಂತೆ ಜಾರಿ ಸೂರಿನ ಕಡೆಗೆ ಹೋಗಬೇಕು. ಫ್ಯಾನಿನ ರಾಡಿಗೆ ಒಂದು ಸೀಳು ಮಾಡಿ ಸುತ್ತ ಟೇಪು ಹಾಕಿದ್ದಾಯಿತು.

ನಾಲ್ಕೂ ಅಂಚುಗಳನ್ನು ಮುಚ್ಚಿಬಿಡುವ ಆಸೆ ಬರುತ್ತದೆ, ಮುಚ್ಚಬಾರದು. ಇಳಿಜಾರಿನ ಕೆಳತುದಿಯಲ್ಲಿಯೂ ಮೇಲ್ತುದಿಯಲ್ಲಿಯೂ ಸಂದಿನ ಬಾಯಿ ತೆರೆದಿದ್ದರೆ ಪತ್ರಾಸಿನ ಕೆಳಗೆ ಕಾದ ಗಾಳಿ ಮೇಲ್ತುದಿಯಿಂದ ಹೊರಬಿದ್ದು, ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಅಲ್ಲಿಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಜಾಳಿಗೆ ಹಚ್ಚಿದರೆ ಧೂಳು ತುಂಬಿ ಮುಚ್ಚಿಹೋಗುತ್ತದೆಂದು ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಳಿಗೆ ಹಾಕಿದೆ. ಹಾಗೂ ಒಂದು ಮೂಲೆ ಬಿಟ್ಟುಹೋಗಿತ್ತು. ಗುಬ್ಬಿಗಳು ಅದನ್ನು ಮೂರೇ ದಿನದಲ್ಲಿ ಕಂಡುಹಿಡಿದು ಹುಲ್ಲು ತಂದು ತುಂಬತೊಡಗಿದವು. ಮೊಟ್ಟೆ ಇಡುವ ಮೊದಲೇ ಹುಲ್ಲು ತೆಗೆದು, ಸೂರಿನ ಕೆಳಗೆ ಅವುಗಳಿಗೊಂದು ರಟ್ಟಿನ ಡಬ್ಬಿ ಕಟ್ಟಿದ್ದೇನೆ.

ಕಟ್ಟಿದ ಮರುದಿನ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹಾಳೆಗೆ ಹಿಡಿದಾಗ 40 ಡಿಗ್ರಿ ಬಂತು. ಮೇಲೆ 66 ಡಿಗ್ರಿಯ ಪತ್ರಾಸ್, ಕೆಳಗೆ 40 ಡಿಗ್ರಿಯ ಹಾಳೆ! ಒಂದು ದಿನ ಈ ಅಂಕಿಯನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗಾಡಿದೆ. ಥರ್ಮಾಮೀಟರ್ ಕೊಟ್ಟ ಮೆಕ್ಯಾನಿಕ್ ನಕ್ಕು, ಹಾಳೆಗೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡೊಂದನ್ನು ಅಂಟಿಸಿ, ಐದು ನಿಮಿಷ ಬಿಟ್ಟು ಟೇಪಿಗೆ ಹಿಡಿಯಲು ಹೇಳಿದರು. 47 ಡಿಗ್ರಿ. ಆ ಉಪಕರಣ ಅಳೆಯುವುದು ಮೈಯಿಂದ ಹೊರಟ ಕಿರಣವನ್ನು; ಹೊಳೆಯುವ ಹಾಳೆ ತನ್ನದೆಂದು ಸೂಸುವುದು ತೀರಾ ಕಡಿಮೆ, ಅದು ತೋರಿಸಿದ್ದು ಕೋಣೆಯ ನೆಲದ ಮತ್ತು ನನ್ನ ಮುಖದ ಪ್ರತಿಬಿಂಬದ ತಾಪವನ್ನು. ಹಾಳೆ ಮಾಡುವ ಉಪಕಾರವೇ ಥರ್ಮಾಮೀಟರಿಗೆ ಮೋಸವಾಗಿ ಕಂಡಿತ್ತು. ಹಾಳೆ 47 ಡಿಗ್ರಿ ಇದ್ದರೂ ಆ ಕಾವನ್ನು ಕೆಳಗೆ ಸೂಸದಿರುವುದರಿಂದಲೇ ನೆತ್ತಿ ಸುಡುವುದಿಲ್ಲ.

ನಿಜವಾದ ಉತ್ತರ ಕೊಟ್ಟದ್ದು ಟೇಬಲ್ ಟೆನಿಸ್ ಚೆಂಡು. ಮೇ 2ರ ಮಧ್ಯಾಹ್ನ ಮೂರು ಗಂಟೆಗೆ ಹೊರಗೆ 40.5 ಡಿಗ್ರಿ, ಅಂದರೆ ಮೊದಲ ಅಳತೆಯ ದಿನಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ. ಕೋಣೆಯ ಗಾಳಿ 40, ಚೆಂಡು 41. ಗಾಳಿಯಲ್ಲಿ ಇಳಿದದ್ದು ಎರಡೇ ಡಿಗ್ರಿ, ಚೆಂಡಿನಲ್ಲಿ ನಾಲ್ಕೂವರೆ. ಪತ್ರಾಸ್ ಮಾತ್ರ ಮೊದಲಿಗಿಂತ ಮೂರು ಡಿಗ್ರಿ ಹೆಚ್ಚು ಕಾದಿತ್ತು: ಕೆಳಗೆ ಇಳಿಸುತ್ತಿದ್ದ ಕಾವನ್ನು ಈಗ ತಾನೇ ಇಟ್ಟುಕೊಳ್ಳಬೇಕಾಗಿದೆ. ಇದನ್ನು ತಂಪು ಕೋಣೆ ಎಂದು ಕರೆಯಲಾಗದು. ನಲವತ್ತು ಡಿಗ್ರಿ ನಲವತ್ತೇ. ಆದರೆ ಅದು ಮರದ ನೆರಳಿನ ನಲವತ್ತು, ಫ್ಯಾನ್ ಹಾಕಿಕೊಂಡು ಹೊಲಿಯಬಹುದಾದ ನಲವತ್ತು. ಹೊಲಿಗೆ ಯಂತ್ರ ಈ ಬೇಸಿಗೆಯಲ್ಲಿ ಕೆಳಗಿಳಿಯಲಿಲ್ಲ.

ಖರ್ಚು ಹೀಗಾಯಿತು: ಚದರ ಅಡಿಗೆ 18 ರೂಪಾಯಿಯಂತೆ 150 ಚದರ ಅಡಿ ಹಾಳೆಗೆ 2,700, ಎರಡು ಸುರುಳಿ ಅಲ್ಯೂಮಿನಿಯಂ ಟೇಪಿಗೆ 480, ತಂತಿ ಮತ್ತು ಹುಕ್ಕುಗಳಿಗೆ 350, ಜಾಳಿಗೆಗೆ 170, ಹುಡುಗನ ಕೂಲಿ 700, ಒಟ್ಟು 4,400 ರೂಪಾಯಿ. ವೈರಿಂಗಿನ ಖರ್ಚು ಬೇರೆ, ಅದು ಹಾಳೆ ಇರಲಿ ಬಿಡಲಿ ಮಾಡಲೇಬೇಕಾಗಿದ್ದ ಕೆಲಸ. ಕೆಟ್ಟುಹೋದ ಅಂಟಿನ 620 ರೂಪಾಯಿಯನ್ನು ನನ್ನ ಕಲಿಕೆಯ ಶುಲ್ಕವೆಂದು ಬರೆದುಕೊಂಡಿದ್ದೇನೆ.

ಇನ್ನು ತೊಡಕುಗಳು. ರಾತ್ರಿ ದೀಪ ಹಾಕಿದರೆ ಕೋಣೆ ಮದುವೆ ಮಂಟಪದಂತೆ ಥಳಥಳಿಸುತ್ತದೆ. ಇದನ್ನು ನೋಡಿದ ನೆಂಟರೊಬ್ಬರು ಹಾಳೆಗೆ ಬಿಳಿ ಬಣ್ಣ ಹೊಡೆಸಿಬಿಡಿ ಎಂದು ಸಲಹೆ ಕೊಟ್ಟರು. ಬಣ್ಣ ಹೊಡೆದ ಕ್ಷಣವೇ ಆ ಮೈ ಮತ್ತೆ ಮಂಕು ಮೈಯಾಗಿ, ಬಿಳಿಯಾಗಿದ್ದರೂ ಕಾವನ್ನು ಪತ್ರಾಸಿನಂತೆಯೇ ಸೂಸುತ್ತದೆ. ಕಣ್ಣಿಗೆ ಬಿಳಿ ಎಂದರೆ ಕಾವಿನ ಕಿರಣಕ್ಕೂ ಬಿಳಿ ಎಂದಲ್ಲ. ಬೇಕಾದರೆ ಕೆಳಗೆ ಒಂದು ಗೇಣು ಬಿಟ್ಟು ತೆಳ್ಳನೆಯ ಬಟ್ಟೆಯ ಮೇಲ್ಕಟ್ಟು ಕಟ್ಟಬಹುದು. ಮೊಬೈಲಿನ ಸಿಗ್ನಲ್ ಎರಡು ಗೆರೆ ಕಡಿಮೆಯಾಗಿದೆ, ಕಿಟಕಿಯ ಬಳಿ ನಿಂತು ಮಾತನಾಡಬೇಕು. ಗುಳ್ಳೆಯ ಪ್ಲಾಸ್ಟಿಕ್ ಬೆಂಕಿಗೆ ಕರಗಿ ಉರಿಯುವ ವಸ್ತುವಾದ್ದರಿಂದ ಒಲೆ ಇರುವ ಕೋಣೆಗೆ ಇದನ್ನು ನಾನು ಹಾಕುವುದಿಲ್ಲ. ಮೇಲೆ ಊದುಬತ್ತಿ ಹಚ್ಚುವುದನ್ನೂ ನಿಲ್ಲಿಸಿದ್ದೇವೆ.

ದೊಡ್ಡ ತೊಡಕು ರಾತ್ರಿಯದು, ಅದನ್ನು ನಾನು ಮೊದಲೇ ಊಹಿಸಬೇಕಾಗಿತ್ತು. ಪತ್ರಾಸ್ ಹಗಲು ಎಷ್ಟು ಬೇಗ ಕಾಯುತ್ತದೋ ಸಂಜೆ ಅಷ್ಟೇ ಬೇಗ ಆರುತ್ತದೆ. ಮೊದಲೆಲ್ಲ ಗೋಡೆ ಮತ್ತು ನೆಲದ ಕಾವು ಆರಿದ ಪತ್ರಾಸಿನ ಮೂಲಕ ಆಕಾಶಕ್ಕೆ ಹೋಗುತ್ತಿತ್ತು. ಈಗ ಹಾಳೆ ಆ ದಾರಿಯನ್ನೂ ಮುಚ್ಚಿದೆ. ರಾತ್ರಿ ಹತ್ತರ ಹೊತ್ತಿಗೆ ಹೊರಗೆ 31 ಡಿಗ್ರಿ ಇದ್ದರೆ ಒಳಗೆ ಚೆಂಡು 36 ತೋರಿಸುತ್ತದೆ, ಎರಡೂ ಕಿಟಕಿ ತೆಗೆದಿಟ್ಟರೂ. ಹಗಲು ಬಳಸುವ ಕೋಣೆಯಾದ್ದರಿಂದ ನಮಗೆ ನಡೆಯುತ್ತದೆ. ರಾತ್ರಿ ಮಲಗುವ ಪತ್ರಾಸ್ ಕೋಣೆಗೆ ಇದನ್ನು ಕಟ್ಟುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನನ್ನ ತಾಯಿಯ ತವರಿನ ಜಂತಿ ಮನೆಯಲ್ಲಿ ಮೇಲೆ ಮೊಳದಷ್ಟು ಮಣ್ಣು ಇತ್ತು. ಹಗಲಿನ ಕಾವು ಅದನ್ನು ದಾಟಿ ಬರುವಷ್ಟರಲ್ಲಿ ಸೂರ್ಯ ಮುಳುಗಿ, ಎಲ್ಲರೂ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಹಾಳೆಗೆ ಅಂಥ ಭಾರವೂ ಇಲ್ಲ, ತಡೆದಿಟ್ಟುಕೊಳ್ಳುವ ಗುಣವೂ ಇಲ್ಲ.

ರಾತ್ರಿಯ ಆ ಕಾವು ಎಲ್ಲಿಯದೆಂದು ಹುಡುಕಿದರೆ ಥರ್ಮಾಮೀಟರ್ ಪಶ್ಚಿಮದ ಗೋಡೆಯನ್ನು ತೋರಿಸುತ್ತದೆ: ರಾತ್ರಿ ಎಂಟಕ್ಕೆ ಅದರ ಒಳಮೈ 41 ಡಿಗ್ರಿ, ಉಳಿದ ಮೂರು ಗೋಡೆಗಳು 36ರ ಆಸುಪಾಸು. ಆ ಗೋಡೆಗೆ ಒಳಗಿನಿಂದ ಹಾಳೆ ಹಚ್ಚುವ ಬದಲು ಹೊರಗಿನಿಂದಲೇ ಬಿಸಿಲು ಬೀಳದಂತೆ ಮಾಡುವುದು ಸರಿ ಎನ್ನಿಸಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸಲು ಅಳತೆ ತೆಗೆದುಕೊಂಡಿದ್ದೇನೆ. ಒಂಬತ್ತು ಅಡಿ ಎತ್ತರ, ಹನ್ನೆರಡು ಅಡಿ ಉದ್ದ. ಕಟ್ಟಿಗೆ ಊರಿನಿಂದ ಬರಬೇಕು.